ನೆರೆ ಪರಿಹಾರಕ್ಕೆ ಕೂಡಿಸಿದ ಹಣದಲ್ಲಿ ಖಜಾಂಚಿ ತನ್ನ ಹೆಸರಿಗೆ ಸೈಟು ಕೊಂಡರೆ ಅದು ಯಾರದ್ದು?

ಪ್ರಶ್ನೆ: ಸರ್, ನಮ್ಮದು ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಊರು. 2019ರ ಆಗಸ್ಟ್ ನೆರೆಯಲ್ಲಿ ಅರ್ಧ ಊರು ಮುಳುಗಿತು. ಏಳು ಮಂದಿ ಕೂಡಿ ಒಂದು ಕಮಿಟಿ ಮಾಡಿ ಸುಮಾರು 11 ಲಕ್ಷ ರೂಪಾಯಿ ಕೂಡಿಸಿದೆವು. ಡಬ್ಬಿ ಹಿಡಿದು ಓಣಿ ಓಣಿ ತಿರುಗಿದೆವು, ಪುಣೆ-ಮುಂಬೈಯಲ್ಲಿರುವ ಊರಿನವರೂ ಕಳಿಸಿದರು. ರೇಷನ್, ತಗಡು, ಮನೆ ರಿಪೇರಿ ಎಲ್ಲ ಆಗಿ 3 ಲಕ್ಷ 40 ಸಾವಿರ ಉಳಿಯಿತು. ಕಮಿಟಿ ನೋಂದಣಿ ಆಗಿಲ್ಲ. 2021ರಲ್ಲಿ ಖಜಾಂಚಿ ಆ ಹಣಕ್ಕೆ ತನ್ನ ಅಷ್ಟೇ ಹಣ ಸೇರಿಸಿ ಮುಧೋಳದಲ್ಲಿ ತನ್ನ ಹೆಸರಿಗೆ ಸೈಟು ಕೊಂಡಿದ್ದಾನೆ. ಕೇಳಿದರೆ "ನಿಮ್ಮ ಹಣ ಬಡ್ಡಿ ಸಮೇತ ಕೊಡುತ್ತೇನೆ, ಸೈಟು ನನ್ನದು" ಎನ್ನುತ್ತಾನೆ. ಇನ್ನೊಂದು ವಿಷಯ. ಅದೇ ವರ್ಷ ಊರಿನ ಹಿರಿಯರೊಬ್ಬರು ಉಚಿತ ದವಾಖಾನೆ ಕಟ್ಟಲು ಮೂರು ಗುಂಟೆ ಖುಲ್ಲಾ ಜಾಗವನ್ನು ನಮ್ಮಲ್ಲಿ ಐವರ ಹೆಸರಿಗೆ ನೋಂದಾಯಿಸಿ ಕೊಟ್ಟರು. ಅಷ್ಟರಲ್ಲಿ ಸರ್ಕಾರದ ಆರೋಗ್ಯ ಕೇಂದ್ರವೇ ಊರಿಗೆ ಬಂತು. ಹಿರಿಯರು ತೀರಿಕೊಂಡಿದ್ದಾರೆ, ಮಕ್ಕಳು ಜಾಗ ಮರಳಿ ಕೇಳುತ್ತಿದ್ದಾರೆ. ಉಳಿದ ಹಣ ಯಾರದ್ದು, ಸೈಟು ಯಾರದ್ದು, ಜಾಗ ಯಾರದ್ದು?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ, ಕಾರಣ ಆಮೇಲೆ. ಉಳಿದ ಹಣ ಕಮಿಟಿಯದ್ದಲ್ಲ. ನಿಮ್ಮ ಊರಿನ ಸಂಗತಿಯಲ್ಲಿ ಅದು ದಾನಿಗಳಿಗೆ ಮರಳುವುದೂ ಇಲ್ಲ. ಅದು ಊರಿನ ಸಂತ್ರಸ್ತರ ಕೆಲಸಕ್ಕೇ ಹೋಗಬೇಕು. ಸೈಟಿನ ವಿಷಯದಲ್ಲಿ ಖಜಾಂಚಿ ಬಡ್ಡಿ ಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಹಿರಿಯರ ಜಾಗ ಮಕ್ಕಳಿಗೆ ಹೋಗುತ್ತದೋ ಇಲ್ಲವೋ ಅನ್ನುವುದು ಆ ನೋಂದಣಿ ಪತ್ರದ ಮಾತುಗಳ ಮೇಲೆ ನಿಂತಿದೆ.

"ಕಮಿಟಿ ನೋಂದಣಿ ಆಗಿಲ್ಲ" ಎಂದು ನೀವು ಅಂಜಿಕೆಯಿಂದ ಬರೆದಂತೆ ಕಾಣುತ್ತದೆ. ಅಂಜಬೇಡಿ. ಒಬ್ಬರ ಒಳಿತಿಗೆ ಬಳಸು ಎಂದು ಹೇಳಿ ಇನ್ನೊಬ್ಬರ ಕೈಗೆ ಹಣ ಕೊಟ್ಟ ಕ್ಷಣದಲ್ಲೇ ಟ್ರಸ್ಟ್ ಹುಟ್ಟುತ್ತದೆ. ಸ್ಥಿರಾಸ್ತಿಯಾದರೆ ನೋಂದಾಯಿತ ಪತ್ರವೋ ಮೃತ್ಯುಪತ್ರವೋ ಬೇಕು ಎನ್ನುತ್ತದೆ 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 5ನೇ ಕಲಂ. ಹಣಕ್ಕೆ ಆ ಕಟ್ಟಲೆ ಇಲ್ಲ, ಕೈಗೆ ಕೊಟ್ಟರೆ ಸಾಕು. ಇನ್ನೊಂದು ವಿಷಯ ಗೊತ್ತಿರಲಿ. ಆ ಕಾಯ್ದೆ ಖಾಸಗಿ ಟ್ರಸ್ಟುಗಳಿಗಾಗಿ ಬರೆದದ್ದು. ಧಾರ್ಮಿಕ ಮತ್ತು ದಾನಧರ್ಮದ ದತ್ತಿಗಳನ್ನು ಅದು ತನ್ನ ಮೊದಲ ಕಲಮಿನಲ್ಲೇ ಹೊರಗಿಟ್ಟಿದೆ. ಹಾಗಂತ ಸಾರ್ವಜನಿಕ ದತ್ತಿಯ ಹಣ ಹೊಡೆದವನಿಗೆ ದಾರಿ ಬಿಟ್ಟಂತಲ್ಲ. ಕಲಂ ನೇರವಾಗಿ ಅನ್ವಯಿಸದಿದ್ದರೂ ಅದರ ಹಿಂದಿರುವ ನ್ಯಾಯದ ತತ್ವಗಳನ್ನು ಕೋರ್ಟುಗಳು ಸಾರ್ವಜನಿಕ ಟ್ರಸ್ಟಿಗೂ ಹಚ್ಚುತ್ತವೆ.

ಹಾಗಾದರೆ ನಿಮ್ಮದು ಸಾರ್ವಜನಿಕ ದತ್ತಿಯೇ? ನಿಮ್ಮ ಮೂರು ಪ್ರಶ್ನೆಗಳ ಬೇರು ಇರುವುದು ಇಲ್ಲೇ. 1890ರ ಚಾರಿಟಬಲ್ ಎಂಡೋಮೆಂಟ್ಸ್ ಕಾಯ್ದೆ ದಾನದ ಉದ್ದೇಶಗಳನ್ನು ಹೇಳುವಾಗ ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು ಮತ್ತು ಸಾರ್ವಜನಿಕರಿಗೆ ಉಪಯೋಗವಾಗುವ ಇತರ ಕೆಲಸಗಳನ್ನು ಹೆಸರಿಸುತ್ತದೆ. ನೆರೆ ಪರಿಹಾರ ಅದರೊಳಗೆ ಸಲೀಸಾಗಿ ಕೂರುತ್ತದೆ. ಆದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದೆಲ್ಲ ಕಾನೂನಿನ ಕಣ್ಣಲ್ಲಿ ದತ್ತಿ ಆಗುವುದಿಲ್ಲ. ಲಾಭ ಪಡೆಯುವವರು ಯಾರು ಎಂದು ಕೋರ್ಟ್ ಕೇಳುತ್ತದೆ. ಉತ್ತರ ಪ್ರದೇಶದ ಒಂದು ದೇವಸ್ಥಾನದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1956ರಲ್ಲಿ ಇದನ್ನು ಸ್ಪಷ್ಟ ಮಾಡಿತು. ಲಾಭ ಪಡೆಯುವವರು ಇಂಥಿಂಥವರೇ ಎಂದು ಗುರುತು ಹಿಡಿದು ಹೇಳಬಹುದಾದರೆ ಅದು ಖಾಸಗಿ. ಸಾರ್ವಜನಿಕರೋ ಅವರಲ್ಲಿನ ಒಂದು ವರ್ಗವೋ ಆದರೆ ಅದು ಸಾರ್ವಜನಿಕ. ಒಂದು ಸಮುದಾಯಕ್ಕೆ ಮಾತ್ರ ಅಂದರೂ ಸಾರ್ವಜನಿಕ ಆಗಬಹುದು. ನಮ್ಮ ಬೆಳಗಾವಿ ಜಿಲ್ಲೆಯ ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಲಿಂಗಾಯತ ಸಮಾಜದ ಮಕ್ಕಳ ಓದಿಗೆ ಮೃತ್ಯುಪತ್ರದಲ್ಲಿ ಬಿಟ್ಟರು. ನೂರು ವರ್ಷ ದಾಟಿದರೂ ಅವರ ಹೆಸರಿನ ದತ್ತಿ ನಡೆದಿದೆ. ಖಾಸಗಿ ಆಸ್ತಿಯನ್ನು ಹೀಗೆ ಮುಂದಿನ ತಲೆಮಾರುಗಳಿಗೆಲ್ಲ ಕಟ್ಟಿಹಾಕಲು ಬರುವುದಿಲ್ಲ. ಸಾರ್ವಜನಿಕ ಒಳಿತಿಗೆ ಬಿಟ್ಟ ಆಸ್ತಿಗೆ ಮಾತ್ರ ಆಸ್ತಿ ವರ್ಗಾವಣೆ ಕಾಯ್ದೆಯ 18ನೇ ಕಲಂ ವಿನಾಯಿತಿ ಕೊಟ್ಟಿದೆ.

ಈಗ ನೀವು ಹುಡುಕಬೇಕಾದದ್ದು 2019ರಲ್ಲಿ ನೀವೇ ಹಂಚಿದ ಕರಪತ್ರ, ವಾಟ್ಸಾಪ್ ಮೆಸೇಜು, ಡಬ್ಬಿಗೆ ಅಂಟಿಸಿದ್ದ ಚೀಟಿ. ಅದರಲ್ಲಿ ಏನಿತ್ತು? "ನಮ್ಮೂರಿನ ನೆರೆ ಸಂತ್ರಸ್ತರಿಗೆ" ಎಂದಿದ್ದರೆ ಅದು ಸಾರ್ವಜನಿಕ ದತ್ತಿ. "ಮನೆ ಬಿದ್ದ ಇಂಥ ನಾಲ್ಕು ಕುಟುಂಬಗಳಿಗೆ" ಎಂದು ಹೆಸರು ಹಾಕಿದ್ದರೆ ಕಥೆಯೇ ಬೇರೆ.

ಎಷ್ಟು ಬೇರೆ ಅನ್ನುವುದಕ್ಕೆ ಇಂಗ್ಲೆಂಡಿನ ಒಂದು ಸಂಗತಿ ಹೇಳುತ್ತೇನೆ. 1951ರ ಡಿಸೆಂಬರಿನಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಸಾಲಾಗಿ ನಡೆದು ಹೊರಟಿದ್ದ ಕೆಡೆಟ್ ಹುಡುಗರ ಮೇಲೆ ಬಸ್ಸು ನುಗ್ಗಿ 24 ಮಂದಿ ಸತ್ತರು. ಊರ ಮೇಯರುಗಳು ಮನವಿ ಮಾಡಿ ಹಣ ಕೂಡಿಸಿದರು. ಅಂತ್ಯಕ್ರಿಯೆಗೆ, ಗಾಯಗೊಂಡವರ ಆರೈಕೆಗೆ, ಆಮೇಲೆ ಬೇರೆ ಒಳ್ಳೆಯ ಕೆಲಸಗಳಿಗೆ ಎಂದು ಆ ಮನವಿಯಲ್ಲಿತ್ತು. ಹಣ ಜಾಸ್ತಿ ಉಳಿಯಿತು. "ಒಳ್ಳೆಯ ಕೆಲಸ" ಎಂಬ ಮಾತು ತೀರಾ ಸಡಿಲ, ಅದು ದತ್ತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದಿತು ಕೋರ್ಟ್. ದತ್ತಿ ಅಲ್ಲ ಎಂದ ಮೇಲೆ ಉಳಿದ ಹಣ ಕೊಟ್ಟವರಿಗೇ ಮರಳಬೇಕು ಎಂದು 1958ರಲ್ಲಿ ತೀರ್ಪಾಯಿತು. ಡಬ್ಬಿಯಲ್ಲಿ ಚಿಲ್ಲರೆ ಹಾಕಿ ಹೋದ ಹೆಸರಿಲ್ಲದ ದಾನಿಗಳ ಪಾಲನ್ನೂ ಅವರಿಗಾಗಿಯೇ ಹಿಡಿದಿಡಬೇಕಾಯಿತು. ಹೀಗೆ ಉದ್ದೇಶ ಮುಗಿದೋ ಕೈತಪ್ಪಿಯೋ ಉಳಿದ ಆಸ್ತಿ ಕೊಟ್ಟವರಿಗೇ ಮರಳುವುದನ್ನು ರಿಸಲ್ಟಿಂಗ್ ಟ್ರಸ್ಟ್ ಎನ್ನುತ್ತಾರೆ. ನಮ್ಮ 1882ರ ಕಾಯ್ದೆಯ 83ನೇ ಕಲಮಿನಲ್ಲಿ ಇರುವುದೂ ಇದೇ ತತ್ವ. ಟ್ರಸ್ಟಿನ ಕೆಲಸ ಮುಗಿದು ಆಸ್ತಿ ಉಳಿದರೆ, ಟ್ರಸ್ಟಿ ಅದನ್ನು ಕೊಟ್ಟವರಿಗಾಗಿ ಇಲ್ಲವೇ ಅವರ ವಾರಸುದಾರರಿಗಾಗಿ ಹಿಡಿದಿರಬೇಕು. ಎರಡೂ ಕಡೆ ಒಂದು ಮಾತು ಸಮ. ಉಳಿಕೆ ಹಣ ಕಮಿಟಿಯ ಜೇಬಿಗೆ ಯಾವತ್ತೂ ಹೋಗುವುದಿಲ್ಲ.

ನಿಮ್ಮ ಮನವಿ ಊರಿನ ಸಂತ್ರಸ್ತರೆಲ್ಲರಿಗೂ ಇತ್ತು ಎಂದು ಹಿಡಿದು ಮುಂದುವರಿಯುತ್ತೇನೆ. ಸಾರ್ವಜನಿಕ ದತ್ತಿಯ ಹಣ ಉಳಿದರೆ ಅದನ್ನು ಮೂಲ ಉದ್ದೇಶಕ್ಕೆ ಆದಷ್ಟು ಹತ್ತಿರದ ಇನ್ನೊಂದು ಉದ್ದೇಶಕ್ಕೆ ಹೊಂದಿಸುವ ಅಧಿಕಾರ ಕೋರ್ಟಿಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಮೂರನೇ ಉಪಕಲಂ ಅದನ್ನು ಹೇಳುತ್ತದೆ. ಮೂಲ ಉದ್ದೇಶ ಆದಷ್ಟು ಈಡೇರಿದ್ದರೆ, ನಡೆಸಲು ಆಗದಿದ್ದರೆ, ಆಸ್ತಿಯ ಒಂದು ಭಾಗಕ್ಕೆ ಮಾತ್ರ ಕೆಲಸ ಇದ್ದರೆ, ಅಥವಾ ಆ ಅಗತ್ಯ ಬೇರೆ ದಾರಿಯಿಂದ ಸಾಕಷ್ಟು ಪೂರೈಕೆ ಆಗಿದ್ದರೆ, ಕೋರ್ಟ್ ಉದ್ದೇಶ ಬದಲಿಸಬಹುದು. ನೆರೆಗೆ ಕೂಡಿಸಿದ ಹಣದಲ್ಲಿ ಎತ್ತರದ ಜಾಗದಲ್ಲಿ ಒಂದು ಆಸರೆ ಕೊಠಡಿ ಕಟ್ಟುವುದು ಹತ್ತಿರದ ಉದ್ದೇಶ. ಘಟಪ್ರಭಾ ಮತ್ತೆ ಏರುವುದಿಲ್ಲ ಎಂದು ನಿಮ್ಮೂರಿನಲ್ಲಿ ಯಾರೂ ಹೇಳಲಾರರು, ಅಲ್ವಾ? ಅದೇ ಹಣದಲ್ಲಿ ಜಾತ್ರೆಗೆ ಪೆಂಡಾಲ್ ಹಾಕಿಸುವುದು ಹತ್ತಿರದ ಉದ್ದೇಶ ಅಲ್ಲ. ಕಮಿಟಿಯವರು ಒಂದು ಠರಾವು ಬರೆದು ತಾವೇ ಉದ್ದೇಶ ಬದಲಿಸಿದರೆ ಅದು ನಿಲ್ಲುವುದಿಲ್ಲ. ಮೂಲ ಉದ್ದೇಶ ಇನ್ನೂ ನಡೆಯುವಂತಿರುವಾಗ ಸರ್ಕಾರ ಕೂಡ ದತ್ತಿಯ ಹಣವನ್ನು ಬೇರೆಡೆ ತಿರುಗಿಸಲು ಕಾನೂನು ಸುಲಭವಾಗಿ ಬಿಡುವುದಿಲ್ಲ. 1954ರಲ್ಲಿ ಸುಪ್ರೀಂ ಕೋರ್ಟ್ ಒಂದು ಧಾರ್ಮಿಕ ಟ್ರಸ್ಟಿನ ಪ್ರಕರಣದಲ್ಲಿ ಹಾಗೆ ತಿರುಗಿಸುವ ಅಧಿಕಾರವನ್ನು ತಳ್ಳಿಹಾಕಿತು. ಆಗ ಚರ್ಚೆಗೆ ಬಂದದ್ದು 1950ರ ಮುಂಬೈ ಸಾರ್ವಜನಿಕ ಟ್ರಸ್ಟ್ ಕಾಯ್ದೆ. ಆಗಿನ ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬೈ ರಾಜ್ಯದಲ್ಲಿದ್ದವು, ಆ ಕಾಯ್ದೆ ಇಲ್ಲಿಗೂ ಬಂದಿತ್ತು.

ಹಿರಿಯರ ಜಾಗಕ್ಕೆ ಬರೋಣ. ಮಕ್ಕಳ ಮೇಲೆ ಸಿಟ್ಟಾಗಬೇಡಿ. ಅವರ ವಾದದಲ್ಲಿ ಸ್ವಲ್ಪ ಬಲ ಇದೆ. ದಾನದ ಉದ್ದೇಶ ಶುರುವಾಗುವ ಮೊದಲೇ ಕೈತಪ್ಪಿತೋ, ಶುರುವಾಗಿ ಆಮೇಲೆ ನಿಂತಿತೋ ಎಂದು ಕೋರ್ಟ್ ಮೊದಲು ನೋಡುತ್ತದೆ. ಶುರುವಾಗಿದ್ದರೆ ಆಸ್ತಿ ದತ್ತಿಯಲ್ಲೇ ಉಳಿಯುತ್ತದೆ, ವಾರಸುದಾರರಿಗೆ ದಾರಿ ಇಲ್ಲ. ನಿಮ್ಮಲ್ಲಿ ಅಡಿಪಾಯವೂ ಬಿದ್ದಿಲ್ಲ. ಆಗ ಇನ್ನೊಂದು ಪ್ರಶ್ನೆ ಏಳುತ್ತದೆ. ಹಿರಿಯರ ಮನಸ್ಸಿನಲ್ಲಿ ಇದ್ದದ್ದು ದವಾಖಾನೆ ಒಂದೇನಾ, ಇಲ್ಲ ಊರ ಜನರ ಆರೋಗ್ಯಕ್ಕೆ ಏನಾದರೂ ಆಗಲಿ ಎಂಬ ಅಗಲವಾದ ಆಸೆಯಾ? ಪತ್ರದಲ್ಲಿ "ದವಾಖಾನೆ ಕಟ್ಟದಿದ್ದರೆ ಜಾಗ ನನಗೆ ಮರಳತಕ್ಕದ್ದು" ಎಂಬ ಷರತ್ತು ಇದ್ದರೆ ಮಕ್ಕಳು ಗೆಲ್ಲುತ್ತಾರೆ. ಕಟ್ಟಡದ ನಕ್ಷೆ, ಹಾಸಿಗೆ ಎಷ್ಟು, ಹೆಸರು ಏನು ಎಂದು ಬಿಗಿಯಾಗಿ ಬರೆದು ಇದಕ್ಕೇ, ಬೇರೆ ಯಾವುದಕ್ಕೂ ಅಲ್ಲ ಎಂದಿದ್ದರೂ ಅವರ ಕೈ ಮೇಲಾಗಬಹುದು. "ಗ್ರಾಮದ ಬಡ ಜನರ ಆರೋಗ್ಯ ಮತ್ತು ಕಲ್ಯಾಣಕ್ಕಾಗಿ" ಎಂಬಂಥ ಮಾತಿದ್ದರೆ, ನನಗೇ ಹಕ್ಕು ಉಳಿಸಿಕೊಂಡಿಲ್ಲ ಎಂದು ಬರೆದುಕೊಟ್ಟಿದ್ದರೆ, ಜಾಗ ದತ್ತಿಯಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ. ಸರ್ಕಾರಿ ಆರೋಗ್ಯ ಕೇಂದ್ರ ಬಂದದ್ದು, ನಾನು ಮೇಲೆ ಹೇಳಿದ "ಬೇರೆ ದಾರಿಯಿಂದ ಪೂರೈಕೆ" ಎಂಬ ಕಾರಣಕ್ಕೆ ಸರಿಯಾಗಿ ಹೊಂದುತ್ತದೆ. ಕೋರ್ಟಿನ ಅನುಮತಿ ಪಡೆದು ಅಲ್ಲಿ ಬಾಣಂತಿಯರ ತಪಾಸಣೆ ಕೊಠಡಿಯನ್ನೋ ವೃದ್ಧರ ಫಿಸಿಯೋಥೆರಪಿ ಕೇಂದ್ರವನ್ನೋ ಮಾಡಲು ಬರುತ್ತದೆ. ಮಕ್ಕಳನ್ನು ಕರೆದು ಹಿರಿಯರ ಹೆಸರನ್ನೇ ಆ ಕಟ್ಟಡಕ್ಕೆ ಇಡುತ್ತೇವೆ ಎಂದು ಹೇಳಿ ನೋಡಿ. ಬಹಳ ವ್ಯಾಜ್ಯಗಳಲ್ಲಿ ಆಸ್ತಿಗಿಂತ ಅಪ್ಪನ ಹೆಸರು ದೊಡ್ಡದಾಗಿರುತ್ತದೆ.

ಇನ್ನು ಸೈಟು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಭಾಗದಲ್ಲಿ ಜನ ಮೋಸ ಹೋಗುವುದು ಇಲ್ಲೇ.

ಖರೀದಿ ಪತ್ರದಲ್ಲಿ ಖಜಾಂಚಿಯ ಹೆಸರಿದೆ. ಉತಾರದಲ್ಲೂ ಅವನ ಹೆಸರೇ. ಜನ ಅಷ್ಟಕ್ಕೇ ಕೈಚೆಲ್ಲುತ್ತಾರೆ. ಆದರೆ ಒಬ್ಬರ ನಂಬಿಕೆಯ ಸ್ಥಾನದಲ್ಲಿ ಕೂತವನು ಆ ಸ್ಥಾನದಿಂದ ಲಾಭ ಮಾಡಿಕೊಂಡರೆ, ಆ ಲಾಭವನ್ನು ಅವನು ನಂಬಿದವರಿಗಾಗಿ ಹಿಡಿದಿರುವನು ಎಂದೇ ಕಾನೂನು ತಿಳಿಯುತ್ತದೆ. ಅವನು ಒಪ್ಪಲಿ ಬಿಡಲಿ. ಇದೇ ಕನ್‌ಸ್ಟ್ರಕ್ಟಿವ್ ಟ್ರಸ್ಟ್. ಯಾರೂ ಬರೆದುಕೊಟ್ಟದ್ದಲ್ಲ, ಅನ್ಯಾಯ ಆಗಬಾರದು ಎಂದು ಕಾನೂನೇ ಅವನ ಹೆಗಲಿಗೆ ಹೊರಿಸುವುದು. 1882ರ ಕಾಯ್ದೆಯ 88ನೇ ಕಲಮಿನಲ್ಲಿ ಟ್ರಸ್ಟಿ, ಪಾಲುದಾರ, ಏಜೆಂಟ್, ಕಂಪನಿಯ ನಿರ್ದೇಶಕ, ವಕೀಲ ಎಲ್ಲರೂ ಬರುತ್ತಾರೆ. ಈ ನಿಯಮ ಎಷ್ಟು ಕಠಿಣ ಅನ್ನುವುದಕ್ಕೆ 1726ರ ಕೀಚ್ ವಿರುದ್ಧ ಸ್ಯಾಂಡ್‌ಫೋರ್ಡ್ ಪ್ರಕರಣ ಇವತ್ತಿಗೂ ಸಾಕ್ಷಿ. ಲಂಡನ್ ಹತ್ತಿರದ ರಾಮ್‌ಫೋರ್ಡ್ ಸಂತೆಯ ಗುತ್ತಿಗೆ ಒಂದು ಮಗುವಿನ ಪಾಲಿಗಿತ್ತು, ನೋಡಿಕೊಳ್ಳಲು ಒಬ್ಬ ಟ್ರಸ್ಟಿ ಇದ್ದ. ಅವಧಿ ಮುಗಿದಾಗ ಮಗುವಿನ ಹೆಸರಿಗೆ ಗುತ್ತಿಗೆ ಮುಂದುವರಿಸಿ ಎಂದು ಅವನು ಕೇಳಿದ. ಮಾಲೀಕ ಒಪ್ಪಲಿಲ್ಲ. ಆಮೇಲೆ ಟ್ರಸ್ಟಿ ತನ್ನ ಹೆಸರಿಗೆ ಪಡೆದ. ಅವನು ಮೋಸ ಮಾಡಿರಲಿಲ್ಲ. ಆದರೂ ಆ ಗುತ್ತಿಗೆಯೂ ಅದರಿಂದ ಬಂದ ಲಾಭವೂ ಮಗುವಿಗೇ ಸೇರಬೇಕು ಎಂದಿತು ಕೋರ್ಟ್. ಮೋಸ ಮಾಡದವನಿಗೇ ಇಷ್ಟು ಬಿಗಿ. ನಿಮ್ಮ ಖಜಾಂಚಿ ಸಂತ್ರಸ್ತರ ಹಣವನ್ನೇ ಎತ್ತಿ ಬಳಸಿದ್ದಾನೆ.

"ಬಡ್ಡಿ ಸಮೇತ ಕೊಡುತ್ತೇನೆ" ಎಂಬ ಅವನ ಮಾತಿನಲ್ಲಿ ಒಂದು ಲೆಕ್ಕಾಚಾರ ಇದೆ. 2021ರಲ್ಲಿ ಸೈಟಿಗೆ 6 ಲಕ್ಷ 80 ಸಾವಿರ ಬಿತ್ತು ಎಂದಾಯಿತು. ಈಗ ಅದರ ಬೆಲೆ ಎರಡರಷ್ಟಾಗಿದ್ದರೆ, ಬಡ್ಡಿ ಕೊಟ್ಟು ಏರಿದ ಬೆಲೆ ಪೂರ್ತಿ ತಾನೇ ಇಟ್ಟುಕೊಳ್ಳಬಹುದು ಎಂದು ಅವನ ಎಣಿಕೆ. ಟ್ರಸ್ಟಿನ ಹಣ ಬೇರೆ ಆಸ್ತಿಯಾಗಿ ರೂಪ ಬದಲಿಸಿದರೆ ಆ ಆಸ್ತಿಯನ್ನೇ ಹಿಂಬಾಲಿಸುವ ಹಕ್ಕನ್ನು ಕಾಯ್ದೆಯ 63ನೇ ಕಲಂ ಕೊಡುತ್ತದೆ. ಪೂರ್ತಿ ಸೈಟು ದತ್ತಿಯ ಹಣದಿಂದಲೇ ಬಂದಿದ್ದರೆ ಸೈಟು ಪೂರ್ತಿ ದತ್ತಿಗೆ. ನಿಮ್ಮಲ್ಲಿ ಅರ್ಧ ಅವನ ಹಣ ಬೆರೆತಿದೆ. ಹಣ ಬೆರೆಸಿದಾಗ 66ನೇ ಕಲಂ ಒಟ್ಟು ಮೊತ್ತದ ಮೇಲೆ ನಿಮಗೆ ಬರಬೇಕಾದಷ್ಟಕ್ಕೆ ಹೊರೆ, ಅಂದರೆ ಅದರಿಂದಲೇ ವಸೂಲು ಮಾಡುವ ಹಕ್ಕು, ಕೂರಿಸುತ್ತದೆ. ನಾನಾಗಿದ್ದರೆ ಅಷ್ಟಕ್ಕೇ ನಿಲ್ಲುವುದಿಲ್ಲ, ಅರ್ಧ ಪಾಲನ್ನೇ ಕೇಳುತ್ತೇನೆ. 2000ದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ಕೋರ್ಟ್) ಇದಕ್ಕೆ ಒಳ್ಳೆಯ ಆಧಾರ ಕೊಟ್ಟಿದೆ. ಅಲ್ಲಿ ಒಬ್ಬ ತನ್ನ ಜೀವವಿಮೆಯ ಕೆಲವು ಕಂತುಗಳನ್ನು ಟ್ರಸ್ಟಿನ ಹಣದಿಂದ ಕಟ್ಟಿದ್ದ. ಅವನು ಸತ್ತ ಮೇಲೆ 10 ಲಕ್ಷ ಪೌಂಡ್ ಬಂತು. ಹಣ ಕಳೆದುಕೊಂಡವರಿಗೆ ಕಂತಿನ ಮೊತ್ತ ಬಡ್ಡಿ ಸಮೇತ ಸಾಕು ಎನ್ನಲಿಲ್ಲ. ಬಂದ ಮೊತ್ತದಲ್ಲೇ ಅವರ ಹಣದ ಪ್ರಮಾಣಕ್ಕೆ ತಕ್ಕ ಪಾಲು ಕೊಟ್ಟಿತು. ಆ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ಮನವೊಲಿಸುವ ಬಲ ಅದಕ್ಕಿದೆ.

ಅವನ ವಕೀಲರು ಬೇನಾಮಿ ಕಾಯ್ದೆಯನ್ನು ಎತ್ತುವುದು ಖಂಡಿತ. 1988ರ ಆ ಕಾಯ್ದೆ, "ಹೆಸರು ಅವನದ್ದು, ಹಣ ನನ್ನದು" ಎಂದು ದಾವೆ ಹಾಕುವ ದಾರಿಯನ್ನು ಮುಚ್ಚಿತು. 1882ರ ಕಾಯ್ದೆಯಲ್ಲಿದ್ದ 81, 82 ಮತ್ತು 94ನೇ ಕಲಮುಗಳನ್ನೂ ತೆಗೆದುಹಾಕಿತು. ಆದರೆ ನಂಬಿಕೆಯ ಸ್ಥಾನದಲ್ಲಿ ಇರುವವರು ಇನ್ನೊಬ್ಬರ ಪರವಾಗಿ ಹಿಡಿದ ಆಸ್ತಿ ಬೇನಾಮಿ ಅಲ್ಲ ಎಂಬ ವಿನಾಯಿತಿ ಅದರಲ್ಲೇ ಇದೆ, 2016ರ ತಿದ್ದುಪಡಿಯ ಮೇಲೂ ಉಳಿದಿದೆ. 88ನೇ ಕಲಮನ್ನು ಯಾರೂ ಮುಟ್ಟಿಲ್ಲ. ಬೆಂಗಳೂರಿನ ಒಂದು ಮನೆಯ ವ್ಯಾಜ್ಯದಲ್ಲಿ ಪತ್ರ ಇದ್ದದ್ದು ಒಬ್ಬ ಮಗನ ಹೆಸರಿಗೆ, ಹಣದಲ್ಲಿ ಮನೆಯ ಉಳಿದವರದ್ದೂ ಸೇರಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಅವನು ನಂಬಿಕೆಯ ಸ್ಥಾನದಲ್ಲಿದ್ದ ಎಂದು ಹೇಳಿ ಬೇನಾಮಿ ತಡೆಯನ್ನು ಒಪ್ಪಲಿಲ್ಲ. ಗೋವಾದಲ್ಲೋ ಪುಣೆಯಲ್ಲೋ ದುಡಿದು ಅಣ್ಣನ ಕೈಗೆ ಹಣ ಕಳಿಸಿ, ಅಣ್ಣ ತನ್ನ ಹೆಸರಿಗೆ ಹೊಲ ಮಾಡಿಕೊಂಡ ಎಂದು ನನಗೆ ಬರೆಯುವವರು ಈ ತೀರ್ಪನ್ನು ನೋಡಬೇಕು. ಹಾಗಂತ ಪ್ರತಿ ಅಣ್ಣನೂ ನಂಬಿಕೆಯ ಸ್ಥಾನದಲ್ಲಿದ್ದಾನೆ ಎಂದು ಕೋರ್ಟ್ ಸುಮ್ನೆ ಒಪ್ಪುವುದಿಲ್ಲ. ಹಣ ಯಾವ ಮಾತಿನ ಮೇಲೆ ಹೋಯಿತು ಎಂದು ತೋರಿಸಬೇಕು. ನಿಮ್ಮ ಖಜಾಂಚಿಯ ವಿಷಯದಲ್ಲಿ ಆ ಕಷ್ಟ ಇಲ್ಲ. ಅವನನ್ನು ಖಜಾಂಚಿ ಮಾಡಿದ್ದೇ ಆ ಹಣ ಕಾಯಲು.

ಅವಧಿಯ ಮಾತು. 1963ರ ಲಿಮಿಟೇಶನ್ ಕಾಯ್ದೆಯ 10ನೇ ಕಲಂ ನಿಮ್ಮ ಕಡೆ ಇದೆ. ನಿರ್ದಿಷ್ಟ ಉದ್ದೇಶಕ್ಕೆ ಆಸ್ತಿ ಕೈಗೆ ಪಡೆದ ಟ್ರಸ್ಟಿಯಿಂದ ಆ ಆಸ್ತಿಯನ್ನೋ ಅದರಿಂದ ಬಂದದ್ದನ್ನೋ ವಸೂಲು ಮಾಡಲು, ಅವನಿಂದ ಲೆಕ್ಕ ಕೇಳಲು ಕಾಲದ ಮಿತಿ ಇಲ್ಲ. ಆದರೆ ಈ ರಕ್ಷಣೆ ಇರುವುದು ಹೇಳಿಕೇಳಿ ಟ್ರಸ್ಟಿ ಆದವನ ವಿರುದ್ಧ ಮಾತ್ರ. ಕಾನೂನು ಟ್ರಸ್ಟಿ ಎಂದು ಹೊರಿಸಿದ ಹೊರಗಿನವನ ವಿರುದ್ಧ ಮಾಮೂಲಿ ಅವಧಿಗಳೇ ಲೆಕ್ಕಕ್ಕೆ ಬರುತ್ತವೆ, ಆಸ್ತಿ ನಮ್ಮದು ಎಂದು ಘೋಷಿಸಿ ಎನ್ನುವ ದಾವೆಗೆ ಮೂರು ವರ್ಷ. ಹಾಗಾಗಿ ಅವನು ಕಮಿಟಿಯ ಖಜಾಂಚಿಯಾಗಿ ಈ ಉದ್ದೇಶಕ್ಕೆ ಹಣ ಪಡೆದ ಎಂಬುದನ್ನು ದಾವೆಯ ಮೊದಲ ಪುಟದಲ್ಲೇ ಬರೆಸಿ.

ಕಾಲ ಇದೆ ಎಂದು ಕೂರಬೇಡಿ. ಸೈಟನ್ನು ಅವನು ನಾಳೆ ಮಾರಬಹುದು. ಏನೂ ಗೊತ್ತಿಲ್ಲದೆ ಬೆಲೆ ಕೊಟ್ಟು ಪ್ರಾಮಾಣಿಕವಾಗಿ ಕೊಂಡವನನ್ನು ಕಾನೂನು ಕಾಪಾಡುತ್ತದೆ. ಆಮೇಲೆ ನಿಮ್ಮ ಕೈಗೆ ಸಿಗುವುದು ಖಜಾಂಚಿ ಮತ್ತು ಅವನು ಖರ್ಚು ಮಾಡದೆ ಉಳಿಸಿದ ಹಣ. ದಾವೆಯ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಅಡಿ ಮಾರಾಟಕ್ಕೆ ತಡೆಯಾಜ್ಞೆ ಕೇಳಿ.

ದಾವೆ ಎಲ್ಲಿ? ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ "ಎಕ್ಸ್‌ಪ್ರೆಸ್ ಅಥವಾ ಕನ್‌ಸ್ಟ್ರಕ್ಟಿವ್" ಸಾರ್ವಜನಿಕ ಟ್ರಸ್ಟ್, ಅಂದರೆ ಹೇಳಿಕೇಳಿ ಮಾಡಿದ್ದು ಮತ್ತು ಕಾನೂನೇ ಹೊರಿಸಿದ್ದು, ಎರಡನ್ನೂ ಹೆಸರಿಸಿದೆ. ಆ ಟ್ರಸ್ಟಿನಲ್ಲಿ ಆಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಮಂದಿ, ಕೋರ್ಟಿನ ಅನುಮತಿ ಪಡೆದು ಹಾಕಬೇಕು. ದಾನಿಯಾಗಿ ಒಬ್ಬರು, ಸಂತ್ರಸ್ತರಾಗಿ ಒಬ್ಬರು ಇದ್ದರೆ ಒಳ್ಳೆಯದು. ನಿಮಗೆ ಅದು ಬಾಗಲಕೋಟೆಯ ಜಿಲ್ಲಾ ನ್ಯಾಯಾಲಯ, ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ. ವಿಜಯಪುರದವರಾಗಿದ್ದರೆ ಕಲಬುರಗಿ ಪೀಠ. ಖಜಾಂಚಿಯನ್ನು ತೆಗೆಯಲು, ಹೊಸ ಟ್ರಸ್ಟಿಗಳನ್ನು ನೇಮಿಸಲು, ಲೆಕ್ಕ ಕೊಡಿಸಲು, ಆಡಳಿತದ ಸ್ಕೀಮ್ (ದತ್ತಿ ನಡೆಸುವ ಕಟ್ಟಲೆಗಳು) ಮಾಡಲು, ಉದ್ದೇಶ ಬದಲಿಸಲು ಒಂದೇ ದಾವೆಯಲ್ಲಿ ಕೇಳಬಹುದು. ಹಿರಿಯರ ಜಾಗದ ವಿಷಯವನ್ನೂ ಸೇರಿಸುವುದೋ ಬೇಡವೋ ನಿಮ್ಮ ವಕೀಲರು ಪತ್ರ ನೋಡಿ ಹೇಳಲಿ. ನನ್ನ ಮಾತು ಕೇಳಿದರೆ ಬೇರೆ ಇಡಿ, ಇಲ್ಲದಿದ್ದರೆ ಮಕ್ಕಳ ಜಗಳದಲ್ಲಿ ಸೈಟಿನ ಕೆಲಸ ತಡವಾಗುತ್ತದೆ. ಸೈಟು ಆಗಲೇ ಬೇರೆಯವರಿಗೆ ಹೋಗಿದ್ದರೆ ಅವರ ಮೇಲೆ ಸಾಮಾನ್ಯ ದಾವೆಯೇ ಬೇಕಾಗುತ್ತದೆ, 92ನೇ ಕಲಂ ಟ್ರಸ್ಟಿನ ಹೊರಗಿನವರನ್ನು ಹಿಡಿಯಲು ಸಾಲುವುದಿಲ್ಲ. ಓದುಗರಲ್ಲಿ ಯಾರದ್ದಾದರೂ ಹಳೆಯ ಟ್ರಸ್ಟ್ ಮುಂಬೈ ಕಾಯ್ದೆಯಡಿ ದಾಖಲಾಗಿದ್ದರೆ ಮೊದಲು ಆ ನೋಂದಣಿ ಕಾಗದ ವಕೀಲರಿಗೆ ತೋರಿಸಿ. ಆ ಕಾಯ್ದೆಯಲ್ಲಿ ದಾರಿ ಇದ್ದದ್ದು ಟ್ರಸ್ಟುಗಳ ಮೇಲೆ ನಿಗಾ ಇಡುವ ಅಧಿಕಾರಿಯಾದ ಚಾರಿಟಿ ಕಮಿಷನರ ಮೂಲಕ.

ಪೊಲೀಸ್ ದೂರಿನ ಬಗ್ಗೆ ಕೇಳುತ್ತೀರೆಂದು ಗೊತ್ತು. 2021ರ ಕೃತ್ಯವಾದ್ದರಿಂದ ಹಳೆಯ ದಂಡ ಸಂಹಿತೆಯ 406ನೇ ಕಲಂ, ನಂಬಿಕೆ ದ್ರೋಹ, ಅನ್ವಯಿಸುತ್ತದೆ. ಕೊಡಿ, ತಪ್ಪಲ್ಲ. ಆದರೆ ಅದರಿಂದ ಶಿಕ್ಷೆ ಆದೀತು, ಸೈಟು ದತ್ತಿಗೆ ಬರುವುದಿಲ್ಲ.

ಈ ವಾರವೇ ಮಾಡಬೇಕಾದದ್ದು ಇಷ್ಟು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಹಣ ಹೊರಹೋದ ದಿನವನ್ನೂ ಖರೀದಿ ಪತ್ರದ ದಿನವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಬ್ ರಜಿಸ್ಟ್ರಾರ್ ಕಚೇರಿಯಿಂದ ಖರೀದಿ ಪತ್ರದ ದೃಢೀಕೃತ ನಕಲು ಪಡೆಯಿರಿ. ಕೊಟ್ಟ ಪಾವತಿಗಳ ಅಡಿಪ್ರತಿ, ವಾಟ್ಸಾಪ್ ಸಂದೇಶ, ಅವನು "ನಿಮ್ಮ ಹಣ ಕೊಡುತ್ತೇನೆ" ಎಂದು ಬರೆದಿದ್ದರೆ ಅದು, ಎಲ್ಲ ಫೋನಿನಿಂದ ಅಳಿಯುವ ಮೊದಲು ತೆಗೆದಿಡಿ. ಪಂಚರ ಮುಂದೆ ಕೂತು ಅವನು ಒಪ್ಪಿದರೆ ಇನ್ನೂ ಒಳ್ಳೆಯದು, ಆದರೆ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡು ಬಿಡಬೇಡಿ. ಮೊದಲು ಕಮಿಟಿಯ ಟ್ರಸ್ಟ್ ಡೀಡ್ ಬರೆಸಿ ನೋಂದಾಯಿಸಿ. ಆಮೇಲೆ ಸೈಟಿನ ಅರ್ಧ ಪಾಲನ್ನು ಟ್ರಸ್ಟಿಗಳ ಹೆಸರಿಗೆ ನೋಂದಾಯಿತ ಪತ್ರದ ಮೂಲಕವೇ ಬರೆಸಿಕೊಂಡು, ಮುಧೋಳ ನಗರಸಭೆಯಲ್ಲಿ ಖಾತೆ ಬದಲಾಗುವವರೆಗೆ ಬೆನ್ನು ಬಿಡಬೇಡಿ.